ಗದ್ದೆಯ ಪಾಚಿಯೊಳಗೊಂದು ಲೋಕ



ನಿಮ್ಮಲ್ಲಿ ಅನೇಕರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆಗಳಿಂದ ಬಂದವರು. ನಾಟಿ ಮಾಡಿದ ಗದ್ದೆಯಲ್ಲಿ ನಿಂತ ನೀರಿನ ಮೇಲೆ ನೀಲಿ-ಹಸಿರು ಪಾಚಿ ಕಟ್ಟುವುದನ್ನು ನೋಡಿದ್ದೀರಿ. ಹೆಸರಿಗೆ ಪಾಚಿ, ನಿಜದಲ್ಲಿ ಅದು ಸಯನೋಬ್ಯಾಕ್ಟೀರಿಯಾ.

ಇದರ ಜೀವಕೋಶದಲ್ಲಿ ಕೋಶಕೇಂದ್ರವಿಲ್ಲ. ಡಿ.ಎನ್.ಎ. ಯಾವ ಪೊರೆಯ ಹೊದಿಕೆಯೂ ಇಲ್ಲದೆ ನಡುಭಾಗದಲ್ಲಿದೆ. ಹಾಗೆಂದು ಒಳಗೆ ವ್ಯವಸ್ಥೆಯೇ ಇಲ್ಲವೆಂದು ತಿಳಿಯಬೇಡಿ. ಥೈಲಕಾಯ್ಡ್ ಎಂಬ ಪೊರೆಗಳ ಪದರಗಳಲ್ಲಿ ಪತ್ರಹರಿತ್ತು ಇದೆ. ಆ ಪೊರೆಗಳಿಗೆ ಅಂಟಿಕೊಂಡ ಫೈಕೋಬಿಲಿಸೋಮ್‌ಗಳು ಬೆಳಕನ್ನು ಹಿಡಿದು ಒಪ್ಪಿಸುತ್ತವೆ. ಅವುಗಳಲ್ಲಿರುವ ಫೈಕೋಸಯನಿನ್ ನೀಲಿ ಬಣ್ಣ ಕೊಡುತ್ತದೆ. ಕಾರ್ಬಾಕ್ಸಿಸೋಮ್ ಎಂಬ ಪ್ರೋಟೀನಿನ ಡಬ್ಬಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗುವ ಮೊದಲ ಹೆಜ್ಜೆ ನಡೆಯುತ್ತದೆ. ಕೆಲವು ಜಾತಿಗಳಲ್ಲಿ ತೇಲಲು ಗಾಳಿಗುಳ್ಳೆಗಳೂ ಇವೆ.

ಅನಬೀನಾ, ನಾಸ್ಟಾಕ್‌ಗಳ ಕೋಶಗಳು ಮಣಿಸರದಂತೆ ಜೋಡಿಸಿಕೊಂಡಿರುತ್ತವೆ. ಸರದಲ್ಲಿ ಅಲ್ಲಲ್ಲಿ ದಪ್ಪ ಗೋಡೆಯ ಒಂದು ಕೋಶ ಕಾಣುತ್ತದೆ. ಅದೇ ಹೆಟೆರೋಸಿಸ್ಟ್. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದ್ದರಿಂದ ಈ ಕೋಶ ಆಮ್ಲಜನಕ ತಯಾರಿಸುವುದನ್ನೇ ಬಿಡುತ್ತದೆ. ಅಕ್ಕಪಕ್ಕದ ಕೋಶಗಳು ಅದಕ್ಕೆ ಸಕ್ಕರೆ ಕೊಡುತ್ತವೆ, ಅದು ಅವಕ್ಕೆ ಸಾರಜನಕ ಕೊಡುತ್ತದೆ. ಭತ್ತದ ಗದ್ದೆಯಲ್ಲಿ ಸಾರಜನಕ ಸೇರಿಸುವುದು ಈ ಪಾಚಿಯೇ ಎಂದು 1939ರಲ್ಲಿ ತೋರಿಸಿದವರು ನಮ್ಮ ದೇಶದ ವಿಜ್ಞಾನಿ ಪಿ.ಕೆ. ಡೇ. ಆದರೆ ನೀರಿನಲ್ಲಿ ಸಾರಜನಕ ಧಾರಾಳವಾಗಿದ್ದರೆ ಹೆಟೆರೋಸಿಸ್ಟ್ ಮೂಡುವುದಿಲ್ಲ. ಯೂರಿಯಾವನ್ನು ಮಿತಿಮೀರಿ ಸುರಿದರೆ ಪುಕ್ಕಟೆ ಸಿಗುವ ಗೊಬ್ಬರವನ್ನು ನಾವೇ ಕಳೆದುಕೊಳ್ಳುತ್ತೇವೆ. ಇದನ್ನು ಮನೆಯಲ್ಲಿ ಅಬ್ಬಾನಿಗೆ ಹೇಳಿರಿ.

ಇನ್ನೊಂದು ಮಾತು ಅಮ್ಮಿಗೆ ಹೇಳಿರಿ. ಕೆರೆಯ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಅದು ಮೈಕ್ರೋಸಿಸ್ಟಿಸ್ ಇರಬಹುದು. ಅದರ ಕೆಲವು ತಳಿಗಳು ಯಕೃತ್ತಿಗೆ ಹಾನಿ ಮಾಡುವ ವಿಷ ಬಿಡುತ್ತವೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅಂಥ ನೀರನ್ನು ಕುಡಿಯಬೇಡಿ, ದನಕರುಗಳಿಗೂ ಕುಡಿಸಬೇಡಿ.

ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿಯವರೆಗಿನ ಚಿನ್ನದ ಶಿಲಾಪಟ್ಟಿ 250 ಕೋಟಿ ವರ್ಷಗಳಿಗೂ ಹಿಂದಿನದು. ಆ ಕಲ್ಲುಗಳು ರೂಪುಗೊಂಡಾಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಮುಂದೆ ಅದನ್ನು ತುಂಬಿದ್ದು ಈ ಸೂಕ್ಷ್ಮಜೀವಿಗಳು. ಭತ್ತದ ಎಲೆಯ ಕ್ಲೋರೋಪ್ಲಾಸ್ಟ್ ಕೂಡ ಇವುಗಳ ವಂಶದ್ದೇ.

ಸೃಷ್ಟಿಯನ್ನು ಕಂಡು ಚಿಂತಿಸಿರಿ ಎಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುತ್ತದೆ. ಪರೀಕ್ಷೆಗೆ ಚಿತ್ರ ಬಾಯಿಪಾಠ ಮಾಡಿದರೆ ಸಾಲದು. ಗದ್ದೆಯ ಒಂದು ಹನಿ ನೀರನ್ನು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಆ ಮಣಿಸರವನ್ನು ಹುಡುಕಿರಿ. ಅಲ್ಲಾಹನು ನಮಗೆಲ್ಲ ಪ್ರಯೋಜನಕ್ಕೆ ಬರುವ ಜ್ಞಾನವನ್ನು ದಯಪಾಲಿಸಲಿ. ಆಮೀನ್.