ನೆಲದಾಳದ ಚಿತ್ರಕ್ಕೆ ತಗಲುವ ಲೆಕ್ಕ

(ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಗಲ್ಫ್ ಎಂದೊಡನೆ ನಮಗೆ ನೆನಪಾಗುವುದು ದುಬೈ, ದಮ್ಮಾಮ್. ನಮ್ಮ ಎಷ್ಟೋ ಮನೆಗಳ ಒಲೆ ಉರಿದದ್ದು ಅಲ್ಲಿನ ದುಡಿಮೆಯಿಂದ. ಆದರೆ ತೈಲ ನೆಲದೊಳಗೆ ಎಲ್ಲಿದೆಯೆಂದು ಪತ್ತೆಹಚ್ಚುವ ವಿದ್ಯೆಯ ಕಡೆಗೆ ನಮ್ಮ ಮಕ್ಕಳ ಗಮನ ಹರಿದದ್ದು ಕಡಿಮೆ. ಅದರ ಬಗ್ಗೆಯೇ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಉದಾಹರಣೆ ಮಾತ್ರ ಇನ್ನೊಂದು ಕೊಲ್ಲಿಯದು, ಅಮೆರಿಕದ ದಕ್ಷಿಣಕ್ಕಿರುವ ಮೆಕ್ಸಿಕೋ ಕೊಲ್ಲಿಯದು.

ಅಲ್ಲಿ ಸಮುದ್ರತಳದ ಕೆಳಗೆ ಉಪ್ಪಿನ ದೊಡ್ಡ ದೊಡ್ಡ ಗುಡ್ಡೆಗಳಿವೆ. ತೈಲ ಅನೇಕ ಕಡೆ ಅವುಗಳ ಅಡಿಯಲ್ಲಿದೆ. ಹಡಗಿನಿಂದ ಗಾಳಿಯ ಒತ್ತಡದಲ್ಲಿ ಶಬ್ದದ ಹೊಡೆತ ಕೊಡುತ್ತಾರೆ. ಶಿಲಾಪದರಗಳಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ದಾಖಲಿಸುತ್ತಾರೆ. ಉಪ್ಪಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 4,500 ಮೀಟರ್, ಸುತ್ತಲಿನ ಪದರಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ತರಂಗ ಬಾಗುತ್ತದೆ, ಚಿತ್ರ ಕದಡುತ್ತದೆ. ಆಳ ಸಮುದ್ರದಲ್ಲಿ ಒಂದು ಬಾವಿಗೆ ಹತ್ತು ಕೋಟಿ ಡಾಲರಿಗೂ ಮೀರಿ ಖರ್ಚಾಗುವುದುಂಟು. ತಪ್ಪು ಚಿತ್ರ ನಂಬಿ ಕೊರೆದರೆ ಅಷ್ಟೂ ಹಣ ನೀರಿಗೆ.

ಇದಕ್ಕೊಂದು ಉಪಾಯ 1983ರಲ್ಲೇ ಪ್ರಕಟವಾಗಿತ್ತು. ಗಣಕಯಂತ್ರದೊಳಗೆ ಎರಡು ತರಂಗಗಳನ್ನು ನಡೆಸುವುದು. ಒಂದು, ಹಡಗಿನ ಹೊಡೆತದಿಂದ ಹೊರಟು ಕಾಲದಲ್ಲಿ ಮುಂದಕ್ಕೆ. ಇನ್ನೊಂದು, ದಾಖಲಾದ ಪ್ರತಿಧ್ವನಿಯಿಂದ ಹೊರಟು ಕಾಲದಲ್ಲಿ ಹಿಂದಕ್ಕೆ. ಒಂದೇ ಕ್ಷಣದಲ್ಲಿ ಇವೆರಡೂ ಎಲ್ಲಿ ಸಂಧಿಸುತ್ತವೋ ಅಲ್ಲಿ ಪ್ರತಿಫಲಿಸುವ ಪದರವಿದೆ. ಉಪಾಯ ಸುಂದರವಾದದ್ದೇ. ಆದರೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬರಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಏಕೆಂದರೆ ಲೆಕ್ಕ ಅಷ್ಟು ದುಬಾರಿ. ಚಿತ್ರ ಎರಡರಷ್ಟು ಸೂಕ್ಷ್ಮವಾಗಬೇಕೆಂದರೆ ಉದ್ದ, ಅಗಲ, ಆಳ ಮೂರರಲ್ಲೂ ಬಿಂದುಗಳು ಇಮ್ಮಡಿಯಾಗಬೇಕು, ಕಾಲದ ಹೆಜ್ಜೆಗಳೂ ಇಮ್ಮಡಿಯಾಗಬೇಕು. ಒಟ್ಟು ಕೆಲಸ 16 ಪಟ್ಟು!

ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯಕರ. ಮೊದಲ ತರಂಗ ಆರಂಭದಿಂದ ಕೊನೆಗೆ ಹೋಗುತ್ತದೆ, ಎರಡನೆಯದು ಕೊನೆಯಿಂದ ಆರಂಭಕ್ಕೆ ಬರುತ್ತದೆ. ಹೋಲಿಸಿ ನೋಡಬೇಕಾದರೆ ಮೊದಲನೆಯದರ ಪ್ರತಿ ಕ್ಷಣವನ್ನೂ ಎತ್ತಿಡಬೇಕು. ನೀವೇ ಲೆಕ್ಕ ಹಾಕಿ. 1000, 1000, 500 ಬಿಂದುಗಳ ಜಾಲದಲ್ಲಿ 50 ಕೋಟಿ ಬಿಂದುಗಳು. ಬಿಂದುವಿಗೆ 4 ಬೈಟ್‌ನಂತೆ ಒಂದು ಕ್ಷಣಕ್ಕೆ 2 ಗಿಗಾಬೈಟ್. ಅಂಥ 5,000 ಹೆಜ್ಜೆಗಳಿದ್ದರೆ 10,000 ಗಿಗಾಬೈಟ್. ಅದೂ ಒಂದೇ ಒಂದು ಹೊಡೆತಕ್ಕೆ! ಡಿಸ್ಕಿಗೆ ಬರೆದು ಓದುವುದರಲ್ಲೇ ಯಂತ್ರ ಸುಸ್ತಾಗುತ್ತದೆ.

ಎಲ್ಲವನ್ನೂ ಎತ್ತಿಡಬೇಕೆಂದು ಯಾರು ಹೇಳಿದರು? ಉದ್ದನೆಯ ಲೆಕ್ಕದಲ್ಲಿ ನಡುನಡುವಿನ ಕೆಲವು ಸಾಲು ಮಾತ್ರ ಉಳಿಸಿಕೊಂಡು, ಬೇಕಾದಾಗ ಅಲ್ಲಿಂದ ಮತ್ತೆ ಮಾಡಿಕೊಳ್ಳಬಹುದಲ್ಲ? ಯಾವ ಸಾಲುಗಳನ್ನು ಉಳಿಸಿದರೆ ಶ್ರಮ ಅತಿ ಕಡಿಮೆ ಎಂಬುದನ್ನು ಆಂಡ್ರಿಯಾಸ್ ಗ್ರೀವಾಂಕ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿಕೊಟ್ಟರು. 2007ರಲ್ಲಿ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ವಿಲಿಯಂ ಸೈಮ್ಸ್ ಅದನ್ನು ಭೂಗರ್ಭದ ಚಿತ್ರಣಕ್ಕೆ ಅನ್ವಯಿಸಿದರು. ಪಿ.ಯು.ಸಿ.ಯಲ್ಲಿ ನೀವು ಕಲಿಯುವ ಸಂಯೋಜನೆಯ ಸೂತ್ರವೇ ಇಲ್ಲಿ ಕೆಲಸ ಮಾಡುತ್ತದೆ. 33ರಲ್ಲಿ 3ನ್ನು ಆಯ್ದುಕೊಳ್ಳುವ ವಿಧಾನಗಳು 5,456. ಅಂದರೆ 30 ಕಡೆ ಮಾತ್ರ ಗುರುತು ಇಟ್ಟುಕೊಂಡರೂ, ಪ್ರತಿ ಹೆಜ್ಜೆಯನ್ನು ಸುಮಾರು ಮೂರು ಸಲ ಲೆಕ್ಕ ಹಾಕಲು ಸಿದ್ಧರಿದ್ದರೆ, 5,000 ಹೆಜ್ಜೆಗಳನ್ನು ಹಿಂದಿನಿಂದ ಮುಂದಕ್ಕೆ ನಡೆದು ಬರಬಹುದು. ಗುರುತಿಗೆ ಎರಡು ಅನುಕ್ರಮ ಕ್ಷಣ ಬೇಕೆಂದರೂ 120 ಗಿಗಾಬೈಟ್ ಸಾಕು. ಕೆಲಸ ಹೆಚ್ಚಿಸಿಕೊಂಡು ಖರ್ಚು ಇಳಿಸುವುದು ವಿಚಿತ್ರವಾಗಿ ಕಂಡೀತು. ಆದರೆ ಯಂತ್ರ ಗುಣಿಸುವ ವೇಗ ಡಿಸ್ಕ್ ಓದುವ ವೇಗಕ್ಕಿಂತ ಎಷ್ಟೋ ಮುಂದಿದೆ.

ಸಾವಿರಾರು ಹೊಡೆತಗಳನ್ನು ಒಂದೊಂದಾಗಿ ನಡೆಸುವ ಬದಲು ಧನ, ಋಣ ಚಿಹ್ನೆಗಳನ್ನು ಮನಬಂದಂತೆ ಹಚ್ಚಿ ಕೂಡಿಸಿ, ಒಟ್ಟಿಗೆ ನಡೆಸುವ ದಾರಿಯೂ ಇದೆ. ಎಕ್ಸಾನ್‌ಮೊಬಿಲ್‌ನ ಸಂಶೋಧಕರು 2009ರಲ್ಲಿ ಅದನ್ನು ಪ್ರಕಟಿಸಿದರು. ಪ್ರತಿ ಸುತ್ತಿನಲ್ಲೂ ಚಿಹ್ನೆ ಬದಲಿಸಿದರೆ ಬೆರಕೆಯ ಗದ್ದಲ ಬಹುಮಟ್ಟಿಗೆ ತಾನೇ ಅಳಿಸಿಹೋಗುತ್ತದೆ. ಆದರೆ ಎಲ್ಲ ಹೊಡೆತಗಳನ್ನೂ ಎಲ್ಲ ಗ್ರಾಹಕಗಳು ಕೇಳಿರಬೇಕು. ಹಡಗು ಗ್ರಾಹಕಗಳನ್ನು ಎಳೆದುಕೊಂಡೇ ಸಾಗುವಲ್ಲಿ ಇದು ಸಲೀಸಲ್ಲ. ನನ್ನ ಮಟ್ಟಿಗೆ ಗುರುತು ಇಡುವ ಉಪಾಯವೇ ಹೆಚ್ಚು ಪ್ರಾಮಾಣಿಕ. ಅದು ಉತ್ತರವನ್ನು ಸ್ವಲ್ಪವೂ ಬದಲಿಸುವುದಿಲ್ಲ.

ಲೆಕ್ಕ ಇಳಿದಷ್ಟೂ ನೆಲದಾಳವನ್ನು ನೋಡುವ ಹಕ್ಕು ದೊಡ್ಡ ಕಂಪನಿಗಳ ಕೈಯಿಂದ ಸಣ್ಣ ಕಾಲೇಜಿಗೂ ಬರುತ್ತದೆ. ತೈಲಕ್ಕೆ ಮಾತ್ರವಲ್ಲ, ಭೂಶಾಖದ ಬಾವಿಗೆ, ಇಂಗಾಲದ ಅನಿಲವನ್ನು ನೆಲದಡಿ ಹೂಳುವಲ್ಲಿ ಅದು ಸೋರುತ್ತಿದೆಯೇ ಎಂದು ನೋಡುವುದಕ್ಕೂ ಇದೇ ವಿದ್ಯೆ ಬೇಕು. ‘ಮಡಗಾಸ್ಕರ್’ ಎಂಬ ತಂತ್ರಾಂಶ 2006ರಿಂದ ಎಲ್ಲರಿಗೂ ಉಚಿತ. ಅಂಗೋಲಾದ ಭೂರಚನೆಯನ್ನು ಆಧರಿಸಿ 1988ರಲ್ಲಿ ಫ್ರೆಂಚರು ರಚಿಸಿದ ‘ಮರ್ಮೂಸಿ’ ಎಂಬ ಮಾದರಿ ಅಭ್ಯಾಸಕ್ಕೆ ಸಿಗುತ್ತದೆ. ಅದರ ಅಗಲ ಸುಮಾರು 9.2 ಕಿಲೋಮೀಟರ್, ಆಳ 3 ಕಿಲೋಮೀಟರ್. ಹತ್ತು ಮೀಟರಿಗೊಂದು ಬಿಂದು ಇಟ್ಟರೆ ಒಂದು ಕ್ಷಣದ ಚಿತ್ರಕ್ಕೆ ಬೇಕಾದದ್ದು ಸುಮಾರು 11 ಲಕ್ಷ ಬೈಟ್. ಸಾಧಾರಣ ಲ್ಯಾಪ್‌ಟಾಪಿಗೆ ಅದು ಭಾರವಲ್ಲ. ಮೊದಲು 30 ಗುರುತಿನಿಂದ ನಡೆಸಿ ನೋಡಿ, ಆಮೇಲೆ 10ರಿಂದ. ಎರಡಕ್ಕೂ ಎಷ್ಟೆಷ್ಟು ನಿಮಿಷ ಹಿಡಿಯಿತೆಂದು ಬರೆದಿಟ್ಟುಕೊಳ್ಳಿ.