‘ನೀನು ಹೀಲ್ ಮಾಡು, ಸಾಕು’ ಅಂದವರಿಗೆ

ಇವತ್ತು ಗೇಮ್ ವಿಷಯ.

ಬಿಜಿಎಂಐ ಆಡೋರಿಗೆ ಗೊತ್ತು, ನಾಕ್ ಆದ ಗೆಳೆಯನನ್ನ ರಿವೈವ್ ಮಾಡೋಕೆ ಒಬ್ಬರು ಓಡಿ ಹೋಗ್ತಾರಲ್ಲ? ಹಾಗೆ ಇಡೀ ಪಂದ್ಯ ತಂಡವನ್ನ ಬದುಕಿಸೋದೇ ಕೆಲಸವಾಗಿರೋ ಪಾತ್ರಗಳು ಓವರ್‌ವಾಚ್‌ನಲ್ಲಿವೆ. ಅವಕ್ಕೆ ಸಪೋರ್ಟ್ ಅಂತಾರೆ. 2016ರಲ್ಲಿ ಬಂದ ಗೇಮ್ ಇದು. 2022ರಲ್ಲಿ ಓವರ್‌ವಾಚ್ 2 ಬಂದಾಗ ಆರು ಜನರ ತಂಡ ಐದಕ್ಕೆ ಇಳೀತು: ಒಬ್ಬ ಟ್ಯಾಂಕ್, ಇಬ್ಬರು ಡ್ಯಾಮೇಜ್, ಇಬ್ಬರು ಸಪೋರ್ಟ್.

ನಾನು ಸಪೋರ್ಟ್. ವಾಯ್ಸ್ ಚಾಟ್‌ನಲ್ಲಿ ಹುಡುಗಿ ದನಿ ಕೇಳಿದ ತಕ್ಷಣ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ, "ನೀನು ಹೀಲ್ ಮಾಡು, ಸಾಕು."

ನನ್ನ ಹೀರೋ ಬ್ಯಾಪ್ಟಿಸ್ಟ್. ಹೈಟಿ ದೇಶದವನು. ಟ್ಯಾಲನ್ ಅನ್ನೋ ಕೆಟ್ಟವರ ಗುಂಪಿನಲ್ಲಿದ್ದು ಬಿಟ್ಟು ಬಂದ ಸೈನಿಕ ವೈದ್ಯ. ಅವನ ಬಂದೂಕು ಒಂದೇ, ಕೆಲಸ ಎರಡು. ಒಂದು ಬಟನ್‌ಗೆ ಮೂರು ಮೂರು ಗುಂಡು ಹಾರುತ್ತೆ, ಇನ್ನೊಂದಕ್ಕೆ ನಮ್ಮವರ ಗಾಯ ವಾಸಿ ಮಾಡೋ ಗ್ರೆನೇಡ್. ಜೊತೆಗೆ ಇಮ್ಮಾರ್ಟಾಲಿಟಿ ಫೀಲ್ಡ್ ಇದೆ. ಅದನ್ನ ಎಸೆದ್ರೆ ಕೆಲವು ಸೆಕೆಂಡು ಅದರೊಳಗಿರೋ ನಮ್ಮವರು ಸಾಯಲ್ಲ. ಆದ್ರೆ ಶತ್ರುಗಳು ಆ ಯಂತ್ರವನ್ನೇ ಹೊಡೆದು ಒಡೆಯಬಹುದು. ಅದಕ್ಕೇ ಗೋಡೆಯ ಮರೆಯಲ್ಲಿ ಎಸೀಬೇಕು.

ಒಂದು ರಾತ್ರಿ ಕಿಂಗ್ಸ್ ರೋ ಮ್ಯಾಪ್. ಪೇಲೋಡ್ ಗುರಿ ಮುಟ್ಟೋಕೆ ಸ್ವಲ್ಪವೇ ಬಾಕಿ. ಎದುರಿನ ಸಪೋರ್ಟ್ ಆನಾ ನನ್ನ ಕಣ್ಣೆದುರಿಗೇ ಇದ್ದಾಳೆ, ಜೀವ ಅರ್ಧಕ್ಕಿಂತ ಕಮ್ಮಿ. ನಾನು ಗುಂಡು ಹಾರಿಸಲಿಲ್ಲ. ನಮ್ಮ ಟ್ಯಾಂಕ್‌ಗೆ ಹೀಲ್ ಹಾಕ್ತಾನೇ ಇದ್ದೆ. ಅವಳು ಅವರ ಟ್ಯಾಂಕ್‌ನ ಉಳಿಸಿದ್ಲು. ನಾವು ಸೋತ್ವಿ.

ಸ್ಕೋರ್‌ಬೋರ್ಡ್ ನೋಡಿದ್ರೆ ಹೀಲಿಂಗ್‌ನಲ್ಲಿ ನಾನೇ ಫಸ್ಟ್! ನಿಜ ಹೇಳ್ತೀನಿ, ಬೇಜಾರಿಗಿಂತ ಮೊದಲು ಸಮಾಧಾನವಾಯ್ತು. ಸದ್ಯ, ನನ್ನನ್ನ ಯಾರೂ ಬೈಯೋ ಹಾಗಿಲ್ಲ ಅಂತ.

ಅಲ್ಲೇ ನನಗೆ ಚುಚ್ಚಿದ್ದು. ಬಿಕಾಂ ಓದಿದವಳು ನಾನು, ಟರ್ನೋವರ್ ಬೇರೆ, ಲಾಭ ಬೇರೆ ಅಂತ ಗೊತ್ತಿರಬೇಕಿತ್ತು. ಹೀಲಿಂಗ್ ನಂಬರ್ ಬರೀ ಟರ್ನೋವರ್. ಟ್ಯಾಂಕ್ ಹೆಚ್ಚು ಏಟು ತಿಂದಷ್ಟೂ ಅದು ತಾನಾಗೇ ಏರುತ್ತೆ. ಎದುರಿನ ಸಪೋರ್ಟ್‌ನ ಒಂದ್ಸಲ ಕೆಡವಿದ್ರೆ ನಮ್ಮವರಿಗೆ ಬೀಳೋ ಏಟೇ ಕಮ್ಮಿಯಾಗುತ್ತೆ. ಅದು ಲಾಭ. ‘ಹೀಲ್ ಮಾಡು ಸಾಕು’ ಅಂದವರ ಮಾತನ್ನ ನಾನೂ ನಂಬಿಬಿಟ್ಟಿದ್ದೆ. ಆ ನಂಬರ್ ಹಿಂದೆ ಬಚ್ಚಿಟ್ಕೊಂಡಿದ್ದೆ.

ಈಗ ಪ್ರತಿ ಜಗಳದಲ್ಲೂ ಒಂದೇ ಪ್ರಶ್ನೆ ಕೇಳ್ಕೋತೀನಿ: ಮುಂದಿನ ಎರಡು ಸೆಕೆಂಡಲ್ಲಿ ನಮ್ಮವರು ಯಾರಾದ್ರೂ ಸಾಯ್ತಾರಾ? ಹೌದು ಅಂದ್ರೆ ಹೀಲ್. ಇಲ್ಲ ಅಂದ್ರೆ ಗುಂಡು. ಬಾಯಿ ಬಿಟ್ಟು ಹೇಳ್ತೀನಿ ಕೂಡ: "ನಾನು ಆನಾನ ಹೊಡೀತಿದ್ದೀನಿ, ಸ್ವಲ್ಪ ಮರೆಗೆ ಬನ್ನಿ." ಕೆಲವರು ಬರ್ತಾರೆ. ಕೆಲವರು ಬೈತಾರೆ. ಬೈಯೋರಿಗೆ ಮ್ಯೂಟ್ ಬಟನ್ ಇದೆಯಲ್ಲ!

ನನ್ನ ಹೀಲಿಂಗ್ ನಂಬರ್ ಮೊದಲಿಗಿಂತ ಕಮ್ಮಿಯಾಗಿದೆ. ಗೆಲ್ಲೋದು ಜಾಸ್ತಿಯಾಗಿದೆ.

ನೀವು ಕೆಲಸದಲ್ಲೋ ಮನೆಯಲ್ಲೋ ಇಂಥ ನಂಬರ್ ಹಿಂದೆ ಬಚ್ಚಿಟ್ಕೊಂಡಿದ್ರೆ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಕೇಳಿಸೋಣ. ಬರ್ತೀನಿ.