ಬಾಗಿಲು ತೆರೆಯುವ ಮುನ್ನ ಪೇಟೆ

ಬೆಂಗಳೂರಿನ ಹಳೆಯ ಪೇಟೆಯನ್ನು ನೋಡಲು ಅಂಗಡಿಗಳ ಬಾಗಿಲು ತೆರೆಯುವ ಮುಂಚಿನ ಹೊತ್ತೇ ಸರಿ. ಹತ್ತು ಗಂಟೆ ದಾಟಿತೆಂದರೆ ಕೈಗಾಡಿ, ಸ್ಕೂಟರು, ಬಟ್ಟೆಯ ಮೂಟೆಗಳ ನಡುವೆ ನುಸುಳಿಕೊಂಡು ಹೋಗಬೇಕು. ತಲೆಯೆತ್ತಿ ನೋಡಲು ಪುರುಸೊತ್ತು ಸಿಗದು.

ದಕ್ಷಿಣದ ತುದಿಯಲ್ಲಿ ಕೋಟೆಯಿದೆ. ಮಣ್ಣಿನದಾಗಿದ್ದ ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಹೈದರ್ ಅಲಿ. ಈಗ ಉಳಿದಿರುವುದು ದೆಹಲಿ ಬಾಗಿಲು, ಅದರ ಆಸುಪಾಸಿನ ಬುರುಜು, ಒಳಗೊಂದು ಗಣಪತಿ ಗುಡಿ, ಅಷ್ಟೆ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಗೋಡೆ ಒಡೆದು ಒಳನುಗ್ಗಿದ್ದು ಇಲ್ಲೇ. ಅದಕ್ಕೆ ಎರಡು ವಾರ ಮೊದಲೇ ಹಲಸೂರು ಬಾಗಿಲ ಕಡೆಯಿಂದ ಪೇಟೆ ಅವರ ವಶವಾಗಿತ್ತು. ಆ ಬಾಗಿಲು ಇಂದು ಇಲ್ಲ. ಅದರ ಹೆಸರನ್ನು ಹಲಸೂರು ಗೇಟ್ ಪೊಲೀಸ್ ಠಾಣೆ ಹೊತ್ತುಕೊಂಡಿದೆ. ಆ ಕಾಳಗದಲ್ಲಿ ಮಡಿದ ಬ್ರಿಟಿಷರಿಗೆ ಎತ್ತಿದ್ದ ಸ್ಮಾರಕಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ಸ್ಮಾರಕಕ್ಕಿಂತ ಠಾಣೆಯ ಫಲಕವೇ ಗಟ್ಟಿಯಾಯಿತು ಎನ್ನಬೇಕು.

ಮಾರುಕಟ್ಟೆ ದಾಟಿದರೆ ದೊಡ್ಡಪೇಟೆ, ಈಗಿನ ಅವೆನ್ಯೂ ರಸ್ತೆ. ಉತ್ತರ ದಕ್ಷಿಣವಾಗಿ ಸಾಗುವ ಈ ಬೀದಿಯೂ ಅಡ್ಡಲಾಗಿ ಬರುವ ಚಿಕ್ಕಪೇಟೆಯೂ ಕೂಡುವ ಚೌಕದಿಂದ, 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಊರಿನ ಬೀದಿಗಳನ್ನು ಗುರುತಿಸಿದರೆಂಬುದು ಜನಜನಿತ ಕಥೆ. ಕಥೆ ಹಾಗಿರಲಿ, ಮನೆಗಳು ಬಿದ್ದು ಎದ್ದರೂ ಬೀದಿಯ ಜಾಡು ಹೆಚ್ಚು ಕದಲಿಲ್ಲ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳೂ ಹಾಗೆಯೇ ಉಳಿದಿವೆ. ಕಸುಬು ಮಾತ್ರ ಬದಲಾಗಿದೆ: ಬಳೇಪೇಟೆಯಲ್ಲಿ ಈಗ ವಾದ್ಯಗಳ ಅಂಗಡಿಗಳಿವೆ, ದೊಡ್ಡಪೇಟೆಯಲ್ಲಿ ಪಠ್ಯಪುಸ್ತಕಗಳ ಸಾಲಿದೆ. ಒಂದೇ ಸರಕಿನವರು ಒಂದೇ ಬೀದಿಯಲ್ಲಿ ಕೂಡಿರುವ ಪದ್ಧತಿಗೆ ಧಕ್ಕೆ ಬಂದಿಲ್ಲ. ಮುಚ್ಚಿದ ಶಟರುಗಳ ಮೇಲೆ, ತಂತಿಗಳ ಗೋಜಲಿನ ಹಿಂದೆ, ಕಣ್ಣು ಹಾಯಿಸಿದರೆ ಅಲ್ಲಲ್ಲಿ ಮರದ ಕಂಬದ ಉಪ್ಪರಿಗೆ, ಗಾರೆ ಉದುರಿದ ಕೈಪಿಡಿಗೋಡೆ, ಅದರ ನಡುವೆ ಕಟ್ಟಿದ ಇಸವಿ ಕಾಣುತ್ತದೆ.

ಇದೇ ಬೀದಿಯ ರೈಸ್ ಸ್ಮಾರಕ ಚರ್ಚು ಕನ್ನಡ ಕಲಿತ ಪಾದ್ರಿ ಬೆಂಜಮಿನ್ ರೈಸ್ ಅವರ ಹೆಸರಿನದು. ನಾಡಿನ ಶಾಸನಗಳನ್ನು ಹುಡುಕಿ ಪ್ರಕಟಿಸಿದ ಬಿ.ಎಲ್. ರೈಸ್ ಈ ಪಾದ್ರಿಯ ಮಗ.

ಪೂರ್ವಕ್ಕೆ ತಿರುಗಿದರೆ ನಗರ್ತಪೇಟೆ, ತಿಗಳರಪೇಟೆ, ಧರ್ಮರಾಯನ ಗುಡಿ. ಚೈತ್ರ ಹುಣ್ಣಿಮೆಯ ರಾತ್ರಿ ಇಲ್ಲಿಂದ ಹೊರಡುವ ಕರಗ, ಕತ್ತಿ ಹಿಡಿದ ವೀರಕುಮಾರರೊಂದಿಗೆ ಪೇಟೆಯ ಓಣಿಗಳನ್ನು ಹಾದು, ಅರಳೆಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೆ ಹೋಗಿ ಬೆಳಗಾಗುವ ಹೊತ್ತಿಗೆ ಮರಳುತ್ತದೆ. ಪೇಟೆಯ ಓಣಿಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂದು ತಿಳಿಯಲು ಯಾವ ನಕ್ಷೆಗಿಂತಲೂ ಕರಗದ ಹಾದಿಯೇ ಅನುಕೂಲ. ಹಗಲಿನಲ್ಲೂ ಅದನ್ನು ಹಿಡಿದು ನಡೆಯಬಹುದು.